ಲ್ಯಾಟಿನ್ ತಲೆಗೆ ಹತ್ತದ ರೈತನ ಮಗ



ಪರೀಕ್ಷೆಯ ದಿನಗಳು ಹತ್ತಿರವಾದಂತೆ ನಮ್ಮ ಮನೆಗಳ ದಿನಚರಿಯೇ ಬದಲಾಗಿಬಿಡುತ್ತದೆ. ಟಿ.ವಿ.ಯ ಸದ್ದು ಅಡಗುತ್ತದೆ. ಮದುವೆಗೆ, ಊರ ಹಬ್ಬಕ್ಕೆ ಮನೆಯಿಂದ ಒಬ್ಬರೇ ಹೋಗಿ ಬರುತ್ತಾರೆ. ಎಸ್.ಎಸ್.ಎಲ್.ಸಿ.ಗೋ ಪಿ.ಯು.ಸಿ.ಗೋ ಓದುತ್ತಿರುವ ಮಗನ ಅಥವಾ ಮಗಳ ಮುಖವನ್ನು ಮನೆಮಂದಿಯೆಲ್ಲ ಓದತೊಡಗುತ್ತಾರೆ. ಹೆಗ್ಗರಣೆಯಂಥ ಕಾಡಿನಂಚಿನ ಊರಿನಿಂದ ಬಸ್ಸು ಹಿಡಿದು ಸಿದ್ದಾಪುರಕ್ಕೋ ಶಿರಸಿಗೋ ಓದಲು ಹೋಗುವ ಮಗುವಿನ ಮನಸ್ಸಿನಲ್ಲಿ ಆ ದಿನಗಳಲ್ಲಿ ಏನು ನಡೆಯುತ್ತಿರುತ್ತದೆಂದು ನೀವು ಎಂದಾದರೂ ಕೇಳಿದ್ದೀರಾ? ಪುಸ್ತಕ ತೆರೆದಿರುತ್ತದೆ, ಕಣ್ಣು ಅಕ್ಷರದ ಮೇಲೆಯೇ ಇರುತ್ತದೆ. ಒಳಗಿನಿಂದ ಮಾತ್ರ ಒಂದೇ ದನಿ ಏಳುತ್ತಿರುತ್ತದೆ: ಇದು ನನ್ನಿಂದ ಆಗುವ ಕೆಲಸವಲ್ಲ, ನನ್ನ ತಲೆಗೆ ಇದು ಹತ್ತುವುದಿಲ್ಲ.

ಇನ್ನೂರು ವರ್ಷಗಳ ಹಿಂದೆ ಫ್ರಾನ್ಸ್ ದೇಶದ ಒಬ್ಬ ರೈತನ ಮಗನನ್ನೂ ಇದೇ ದನಿ ಕಾಡಿತ್ತು. ಅವನು ಓದಿನಲ್ಲಿ ಹಿಂದೆ ಬಿದ್ದ, ಗುರುಮಠದಿಂದ ಮನೆಗೆ ಕಳುಹಿಸಲ್ಪಟ್ಟ, ಪರೀಕ್ಷಕರ ಮುಂದೆ ತಬ್ಬಿಬ್ಬಾಗಿ ನಿಂತ. ಇಂದು ಲೋಕದ ಎಲ್ಲ ಧರ್ಮಕೇಂದ್ರಗಳ ಗುರುಗಳಿಗೆ ಅವನೇ ಪಾಲಕ ಸಂತ. ಪ್ರತಿವರ್ಷ ಆಗಸ್ಟ್ 4ರಂದು ಧರ್ಮಸಭೆ ಅವರ ಹಬ್ಬವನ್ನು ಆಚರಿಸುತ್ತದೆ. ಅವರೇ ಆರ್ಸ್ ಎಂಬ ಹಳ್ಳಿಯ ಗುರು, ಸಂತ ಜಾನ್ ಮರಿಯ ವಿಯಾನ್ನಿ. ಅವರ ತಪಸ್ಸು, ಉಪವಾಸ, ಪಾಪನಿವೇದನೆಯ ಸೇವೆಯ ಬಗ್ಗೆ ನೀವು ಪ್ರಸಂಗಗಳಲ್ಲಿ ಕೇಳಿರಬಹುದು. ಈ ವಾರ ಅವರ ವಿದ್ಯಾರ್ಥಿ ಜೀವನದ ಕಡೆಗೆ ಸ್ವಲ್ಪ ನೋಡೋಣ. ಪರೀಕ್ಷೆಗೆ ಓದುವ ಮಕ್ಕಳಿರುವ ಪ್ರತಿಯೊಂದು ಮನೆಗೂ ಅಲ್ಲೊಂದು ಪಾಠವಿದೆ.

ಗುದ್ದಲಿ ಹಿಡಿದ ಕೈ

ಜಾನ್ ಹುಟ್ಟಿದ್ದು 1786ರ ಮೇ 8ರಂದು, ಲಿಯೋನ್ ನಗರದ ಸಮೀಪದ ದಾರ್ದಿಯ್ಯಿ ಎಂಬ ಹಳ್ಳಿಯಲ್ಲಿ. ತಂದೆ ಮಾತ್ಯೂ, ತಾಯಿ ಮರಿ. ಆರು ಮಕ್ಕಳ ಸಂಸಾರ. ಹೊಲ, ದ್ರಾಕ್ಷಿ ತೋಟ, ದನ, ಕುರಿ. ನಮ್ಮ ಮಲೆನಾಡಿನ ರೈತರ ಮನೆಯಂತೆಯೇ ಅದು. ಬಾಗಿಲಿಗೆ ಬಂದ ಬಡವರಿಗೆ ಆ ಮನೆಯಲ್ಲಿ ಊಟವೂ ಮಲಗಲು ಜಾಗವೂ ಇರುತ್ತಿತ್ತು.

ಜಾನ್‌ಗೆ ಮೂರು ವರ್ಷ ತುಂಬಿದ್ದಾಗ, 1789ರಲ್ಲಿ, ಫ್ರಾನ್ಸಿನ ಮಹಾಕ್ರಾಂತಿ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ದೇವಾಲಯಗಳು ಮುಚ್ಚಿದವು. ಸರಕಾರದ ಪ್ರಮಾಣವನ್ನು ಸ್ವೀಕರಿಸದ ಗುರುಗಳು ತಲೆಮರೆಸಿಕೊಂಡು, ಕೊಟ್ಟಿಗೆಗಳಲ್ಲಿ ಗುಟ್ಟಾಗಿ ಬಲಿಪೂಜೆ ಅರ್ಪಿಸುತ್ತಿದ್ದರು. 1799ರಲ್ಲಿ ಜಾನ್ ಪ್ರಥಮ ಪರಮಪ್ರಸಾದ ಸ್ವೀಕರಿಸಿದ್ದು ಎಕ್ಯುಲಿ ಎಂಬ ಊರಿನ ಒಂದು ಮನೆಯಲ್ಲಿ. ಒಳಗಿನ ಬೆಳಕು ಹೊರಗೆ ಕಾಣದಂತೆ ಕಿಟಕಿಗಳ ಮುಂದೆ ಹುಲ್ಲು ತುಂಬಿದ ಗಾಡಿಗಳನ್ನು ನಿಲ್ಲಿಸಿದ್ದರು. ಪ್ರಾಣವನ್ನು ಪಣಕ್ಕಿಟ್ಟು ತನ್ನ ಬಳಿಗೆ ಬಂದ ಆ ಗುರುಗಳನ್ನು ಕಂಡ ಹುಡುಗನಿಗೆ ತಾನೂ ಹಾಗೆಯೇ ಆಗಬೇಕೆಂಬ ಆಸೆ ಮೂಡಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಓದು? ಊರಿನಲ್ಲಿ ಶಾಲೆ ತೆರೆದಾಗ ಅವನಿಗೆ ಒಂಬತ್ತರ ಹತ್ತಿರ. ಹೊಲದಲ್ಲಿ ಕೆಲಸ ಕಡಿಮೆಯಿರುವ ಚಳಿಗಾಲದಲ್ಲಿ ಮಾತ್ರ ಶಾಲೆ, ಉಳಿದಂತೆ ಗುದ್ದಲಿ. ಆ ಗುದ್ದಲಿಯ ದಿನಗಳ ಒಂದು ಪ್ರಸಂಗವನ್ನು ಅವರ ಜೀವನ ಚರಿತ್ರೆ ಬರೆದವರು ಹೇಳುತ್ತಾರೆ. ಅಣ್ಣನ ಸಮಕ್ಕೆ ಅಗೆಯಲು ಹೋಗಿ ಜಾನ್ ಒಂದು ದಿನ ಸುಸ್ತಾಗಿಬಿಟ್ಟ. ಮರುದಿನ ಮಾತೆ ಮರಿಯಮ್ಮನವರ ಒಂದು ಪುಟ್ಟ ಪ್ರತಿಮೆಯನ್ನು ಜೊತೆಗೆ ಒಯ್ದ. ಅದನ್ನು ತನ್ನ ಮುಂದೆ ಸ್ವಲ್ಪ ದೂರದಲ್ಲಿ ಇಡುವುದು, ಅಲ್ಲಿಯವರೆಗೆ ಮಾತ್ರ ಅಗೆಯುವುದು, ಮತ್ತೆ ಎತ್ತಿ ಇನ್ನಷ್ಟು ಮುಂದೆ ಇಡುವುದು. ಹೀಗೆ ಮಾಡಿ ಅಂದು ಅಣ್ಣನ ಸರಿಸಮಕ್ಕೆ ಕೆಲಸ ಮುಗಿಸಿದ. ಇಡೀ ಹೊಲವನ್ನು ಕಂಡು ಹೆದರಿದವನು ಹತ್ತು ಮಾರು ನೆಲವನ್ನು ಕಂಡು ಹೆದರಲಿಲ್ಲ. ಇಡೀ ಪಠ್ಯಪುಸ್ತಕವನ್ನು ಮುಂದಿಟ್ಟುಕೊಂಡು ಕಂಗಾಲಾಗುವ ವಿದ್ಯಾರ್ಥಿಯೇ, ಈ ಪ್ರಸಂಗವನ್ನು ನೆನಪಿನಲ್ಲಿಟ್ಟುಕೋ. ಇವತ್ತಿನ ಸಂಜೆಗೆ ಒಂದೇ ಪಾಠ ಸಾಕು. ಅಲ್ಲಿಯವರೆಗೆ ಅಗೆ.

ಚಿಕ್ಕ ಹುಡುಗರ ನಡುವೆ ದೊಡ್ಡ ವಿದ್ಯಾರ್ಥಿ

ಗುರುವಾಗಬೇಕೆಂಬ ಮಗನ ಆಸೆಗೆ ತಂದೆ ಸುಲಭವಾಗಿ ಒಪ್ಪಲಿಲ್ಲ. ಹೊಲಕ್ಕೆ ಕೈ ಬೇಕಿತ್ತು, ಓದಿಸಲು ಹಣ ಬೇಕಿತ್ತು. ಕೊನೆಗೆ ಒಪ್ಪಿಗೆ ಸಿಕ್ಕಾಗ ಜಾನ್‌ಗೆ ಇಪ್ಪತ್ತು ವರ್ಷ. 1806ರ ಸುಮಾರಿಗೆ ಎಕ್ಯುಲಿಯ ಧರ್ಮಕೇಂದ್ರದ ಗುರು ಫಾದರ್ ಬಲ್ಲೆ ತಮ್ಮ ಮನೆಯಲ್ಲಿಯೇ ಕೆಲವು ಹುಡುಗರಿಗೆ ಪಾಠ ಹೇಳುತ್ತಿದ್ದರು. ಜಾನ್ ಅಲ್ಲಿ ಸೇರಿದ.

ಆ ಕಾಲದಲ್ಲಿ ಗುರುವಾಗಬೇಕಾದರೆ ಲ್ಯಾಟಿನ್ ಕಲಿಯಲೇಬೇಕಿತ್ತು. ಬಲಿಪೂಜೆ, ದೇವಶಾಸ್ತ್ರದ ಪುಸ್ತಕ, ಪರೀಕ್ಷೆ, ಎಲ್ಲವೂ ಲ್ಯಾಟಿನ್ನಿನಲ್ಲಿ. ಮಾತೃಭಾಷೆಯ ವ್ಯಾಕರಣವನ್ನೇ ಸರಿಯಾಗಿ ಕಲಿಯದ ಇಪ್ಪತ್ತರ ಯುವಕನಿಗೆ ಆ ಭಾಷೆ ಬಂಡೆಯಾಯಿತು. ರಾತ್ರಿ ಕಲಿತದ್ದು ಬೆಳಗ್ಗೆ ಮರೆತುಹೋಗುತ್ತಿತ್ತು. ಪಕ್ಕದಲ್ಲಿ ಕುಳಿತ ಚಿಕ್ಕ ಹುಡುಗರು ಒಂದೇ ಸಲಕ್ಕೆ ಹೇಳಿ ಮುಗಿಸುತ್ತಿದ್ದರು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ, ಪಿ.ಯು.ಸಿ.ಯಲ್ಲಿ ಇಂಗ್ಲಿಷಿನ ವಿಜ್ಞಾನ ಪುಸ್ತಕವನ್ನು ಮೊದಲ ಬಾರಿಗೆ ತೆರೆದ ನಮ್ಮ ಮಕ್ಕಳಿಗೆ ಈ ಸಂಕಟವನ್ನು ಯಾರೂ ವಿವರಿಸಬೇಕಾಗಿಲ್ಲ.

ಆ ಹುಡುಗರಲ್ಲಿ ಮತಿಯಾಸ್ ಲೋರಾ ಎಂಬವನು ಬುದ್ಧಿವಂತ, ಜಾನ್‌ಗಿಂತ ಆರು ವರ್ಷ ಚಿಕ್ಕವನು. ಜಾನ್‌ಗೆ ಪಾಠ ಹೇಳಿಕೊಡುವ ಕೆಲಸ ಅವನ ಪಾಲಿಗೆ ಬಂದಿತ್ತು. ಎಷ್ಟು ಸಲ ಹೇಳಿದರೂ ಅರ್ಥವಾಗದಿದ್ದಾಗ ಒಮ್ಮೆ ತಾಳ್ಮೆ ಕಳೆದುಕೊಂಡು ಎಲ್ಲರ ಎದುರಿಗೇ ಜಾನ್‌ನ ಕೆನ್ನೆಗೆ ಹೊಡೆದುಬಿಟ್ಟ. ಜಾನ್‌ಗೂ ಸಿಟ್ಟು ಬೇಗ ಬರುವ ಸ್ವಭಾವವೇ. ಆದರೂ ಅವನು ಆ ಚಿಕ್ಕ ಹುಡುಗನ ಮುಂದೆ ಮೊಣಕಾಲೂರಿ, ತನ್ನ ದಡ್ಡತನಕ್ಕಾಗಿ ಕ್ಷಮೆ ಕೇಳಿದ. ಮತಿಯಾಸ್ ಅಳುತ್ತಾ ಅವನನ್ನು ತಬ್ಬಿಕೊಂಡ. ಇಬ್ಬರೂ ಜೀವನಪರ್ಯಂತ ಗೆಳೆಯರಾದರು. ಅದೇ ಮತಿಯಾಸ್ ಮುಂದೆ 1837ರಲ್ಲಿ ಅಮೆರಿಕದ ಡುಬ್ಯುಕ್ ಧರ್ಮಪ್ರಾಂತ್ಯದ ಮೊದಲ ಧರ್ಮಾಧ್ಯಕ್ಷನಾದ.

ಇಷ್ಟಾದರೂ ಜಾನ್‌ನ ಮನಸ್ಸು ಕುಸಿಯಿತು. ಮನೆಗೆ ಹಿಂತಿರುಗುತ್ತೇನೆಂದು ಒಂದು ದಿನ ಗುರುಗಳ ಮುಂದೆ ಹೇಳಿಯೂಬಿಟ್ಟ. ಫಾದರ್ ಬಲ್ಲೆ ಅವನನ್ನು ಗದರಿಸಲಿಲ್ಲ, ಸುಳ್ಳು ಹೊಗಳಿಕೆಯನ್ನೂ ಮಾಡಲಿಲ್ಲ. ಈಗ ಬಿಟ್ಟುಹೋದರೆ ಇಷ್ಟು ದಿನದ ಆಸೆಗೆ ಏನು ಅರ್ಥವೆಂದು ಯೋಚಿಸುವಂತೆ ಮಾಡಿದರು. ಜಾನ್ ಒಂದು ಹರಕೆ ಹೊತ್ತ. ಲಾಲುವೆಸ್ಕ್ ಎಂಬ ಬೆಟ್ಟದೂರಿನಲ್ಲಿರುವ ಸಂತ ಫ್ರಾನ್ಸಿಸ್ ರೇಜಿಸರ ಸಮಾಧಿಗೆ ಕಾಲ್ನಡಿಗೆಯಲ್ಲಿ, ದಾರಿಯಲ್ಲಿ ಭಿಕ್ಷೆ ಬೇಡಿ ಉಣ್ಣುತ್ತಾ ಹೊರಟ. ಸುಮಾರು ನೂರು ಕಿಲೋಮೀಟರ್, ಹೆಚ್ಚುಕಡಿಮೆ ಶಿರಸಿಯಿಂದ ಹುಬ್ಬಳ್ಳಿಯಷ್ಟು ದೂರ.

ಅಲ್ಲಿ ಅವನಿಗೆ ಏನು ಸಿಕ್ಕಿತು ಗೊತ್ತೇ? ಲ್ಯಾಟಿನ್ ರಾತ್ರೋರಾತ್ರಿ ಬಂದುಬಿಡಲಿಲ್ಲ. ಅವನು ಬೇಡಿಕೊಂಡದ್ದೂ ಸ್ವಲ್ಪವೇ: ಮುಂದುವರಿಯಲು ಸಾಲುವಷ್ಟು ಕಲಿಯುವ ಕೃಪೆ. ದೇವರು ಕೊಟ್ಟದ್ದೂ ಅಷ್ಟೇ. ಹಿಂತಿರುಗಿ ಬಂದ ಮೇಲೆ ಕಲಿಕೆ ನಿಧಾನವಾಗಿಯೇ ಸಾಗಿತು, ಆದರೆ ಕೈಬಿಡುವಷ್ಟು ನಿರಾಶೆ ಉಳಿಯಲಿಲ್ಲ. ಪರೀಕ್ಷೆಯ ಹಿಂದಿನ ದಿನ ಮೇಣದ ಬತ್ತಿ ಹಚ್ಚಿ ಪವಾಡವನ್ನು ಕಾಯುವ ನಾವು ಈ ಪ್ರಾರ್ಥನೆಯನ್ನು ಗಮನಿಸಬೇಕು.

ಮತ್ತೆ ಮತ್ತೆ ಅಡ್ಡಿ

1809ರಲ್ಲಿ ನೆಪೋಲಿಯನ್‌ನ ಸೈನ್ಯಕ್ಕೆ ಜಾನ್‌ಗೆ ಕರೆ ಬಂತು. ಸ್ಪೇನ್ ದೇಶದ ಯುದ್ಧಕ್ಕೆ ಹೊರಡಬೇಕಾದವನು ಕಾಯಿಲೆಬಿದ್ದು ಆಸ್ಪತ್ರೆ ಸೇರಿದ, ತುಕಡಿಯಿಂದ ಹಿಂದೆ ಉಳಿದ. ದಾರಿಯಲ್ಲಿ ಸಿಕ್ಕ ಒಬ್ಬ ಅಪರಿಚಿತನ ಬೆನ್ನುಹಿಡಿದು ಲೆ ನೋಯೆ ಎಂಬ ಕಾಡೂರು ತಲುಪಿದ. ಕಾನೂನಿನ ಕಣ್ಣಿನಲ್ಲಿ ಅವನೀಗ ಸೈನ್ಯ ಬಿಟ್ಟು ಓಡಿಹೋದವನು. ಜೆರೋಮ್ ವಿನ್ಸೆಂಟ್ ಎಂಬ ಬೇರೆ ಹೆಸರಿನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಅಡಗಿಕೊಂಡಿದ್ದ. ವಿಚಿತ್ರವೆಂದರೆ ದಡ್ಡನೆನಿಸಿಕೊಂಡ ಈತ ಅಲ್ಲಿ ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸಿದ! ತಾನು ಕಷ್ಟಪಟ್ಟು ಕಲಿತವನಿಗೆ ಕಲಿಯಲು ಕಷ್ಟಪಡುವ ಮಗುವಿನ ನೋವು ಗೊತ್ತಿರುತ್ತದೆ.

1810ರಲ್ಲಿ ಕ್ಷಮಾದಾನ ಘೋಷಣೆಯಾಯಿತು. ಮರುವರ್ಷದ ಆರಂಭದಲ್ಲಿ ಮನೆಗೆ ಬಂದ ಕೆಲವೇ ವಾರಗಳಲ್ಲಿ ತಾಯಿ ತೀರಿಕೊಂಡರು. ತನ್ನ ಕರೆಯನ್ನು ಮೊದಲು ನಂಬಿದವರು ಆ ತಾಯಿ. ಆ ದುಃಖವನ್ನು ಹೊತ್ತುಕೊಂಡೇ ಜಾನ್ ಪುನಃ ಪುಸ್ತಕ ತೆರೆದ.

1812ರಲ್ಲಿ ವೆರಿಯೇರ್ ಎಂಬಲ್ಲಿಯ ಕಿರಿಯ ಗುರುಮಠಕ್ಕೆ ಸೇರಿದಾಗ ಅವನಿಗೆ 26 ವರ್ಷ. ಸಹಪಾಠಿಗಳು ಅವನಿಗಿಂತ ಎಷ್ಟೋ ಚಿಕ್ಕವರು. ತತ್ವಶಾಸ್ತ್ರದ ಪಾಠ ಲ್ಯಾಟಿನ್ನಿನಲ್ಲಿ. ಅರ್ಥವಾಗದವರಿಗೆ ಫ್ರೆಂಚಿನಲ್ಲಿ ಬೇರೆಯಾಗಿ ಹೇಳಿಕೊಡಬೇಕಾಯಿತು. ಅದೇ ಗುರುಮಠದಲ್ಲಿ ಮಾರ್ಸೆಲಿನ್ ಶಾಂಪಾಞಾ ಎಂಬ ಇನ್ನೊಬ್ಬ ವಿದ್ಯಾರ್ಥಿ ಇದ್ದ. ಅವನನ್ನೂ ಮೊದಲ ವರ್ಷದ ನಂತರ ಓದಿಗೆ ಯೋಗ್ಯನಲ್ಲವೆಂದು ಮನೆಗೆ ಕಳುಹಿಸಿದ್ದರು. ತಾಯಿಯ ಪ್ರಯತ್ನದಿಂದ ಮರಳಿ ಬಂದಿದ್ದ. ಶಿಕ್ಷಣಕ್ಕಾಗಿಯೇ ಮೀಸಲಾದ ಮಾರಿಸ್ಟ್ ಸಹೋದರರ ಸಭೆಯನ್ನು ಸ್ಥಾಪಿಸಿದವರು ಇವರೇ. 1999ರಲ್ಲಿ ಇವರಿಗೂ ಸಂತ ಪದವಿ ದೊರೆಯಿತು. ಒಂದೇ ಗುರುಮಠದ ಇಬ್ಬರು ಹಿಂದುಳಿದ ವಿದ್ಯಾರ್ಥಿಗಳು, ಇಬ್ಬರು ಸಂತರು!

ಪ್ರಶ್ನೆಯೇ ಅರ್ಥವಾಗಲಿಲ್ಲ

1813ರಲ್ಲಿ ಜಾನ್ ಲಿಯೋನ್ ನಗರದ ಹಿರಿಯ ಗುರುಮಠವನ್ನು ಸೇರಿದ. ಅವನ ನಡತೆ, ಭಕ್ತಿಯಲ್ಲಿ ಯಾರೂ ತಪ್ಪು ಹುಡುಕಲಿಲ್ಲ. ಲ್ಯಾಟಿನ್ ಪಾಠ ಮಾತ್ರ ತಲೆಯ ಮೇಲಿಂದ ಹರಿದುಹೋಗುತ್ತಿತ್ತು. ಆರು ತಿಂಗಳು ತುಂಬುವುದರೊಳಗೆ ಅವನನ್ನು ಹೊರಗೆ ಕಳುಹಿಸಿದರು.

ಆ ದಿನ ಅವನ ಮನಸ್ಸು ಹೇಗಿದ್ದಿರಬೇಕೆಂದು ಯೋಚಿಸಿ. ವಯಸ್ಸು 27 ದಾಟಿದೆ. ಊರಿನವರಿಗೆಲ್ಲ ವಿಷಯ ಗೊತ್ತು. ತಂದೆ ಕಷ್ಟಪಟ್ಟು ಖರ್ಚು ಮಾಡಿದ್ದಾರೆ. ತಾಯಿ ಇಲ್ಲ. ಗುರುವಾಗುವ ಆಸೆಯನ್ನು ಬಿಟ್ಟು ಒಂದು ಧಾರ್ಮಿಕ ಸಭೆಯಲ್ಲಿ ಸಹೋದರನಾಗಿ ಸೇರಿಕೊಳ್ಳಲು ಅವನು ಸಿದ್ಧನಾದ. ಅಲ್ಲಿದ್ದ ಗೆಳೆಯನ ಬಳಿ ಹೋಗಿ ಆ ಮಾತನ್ನೂ ಆಡಿದ.

ಆಗ ಮತ್ತೆ ಅಡ್ಡನಿಂತವರು ಫಾದರ್ ಬಲ್ಲೆ. ಗುರುಮಠ ಬಿಟ್ಟವನನ್ನು ಅವರು ಬಿಡಲಿಲ್ಲ. ತಮ್ಮ ಮನೆಗೆ ಕರೆತಂದು ಫ್ರೆಂಚ್ ಭಾಷೆಯ ಪುಸ್ತಕದಿಂದ ದೇವಶಾಸ್ತ್ರವನ್ನು ಕಲಿಸಿದರು. ಕೆಲವು ತಿಂಗಳ ನಂತರ ಜಾನ್ ಪರೀಕ್ಷಕರ ಮಂಡಳಿಯ ಮುಂದೆ ಹಾಜರಾದ. ಎದುರಿಗೆ ಸಾಲಾಗಿ ಕುಳಿತ ಪಂಡಿತರು, ಲ್ಯಾಟಿನ್ನಿನಲ್ಲಿ ಪ್ರಶ್ನೆಗಳು. ಹೆದರಿಕೆಯಿಂದ ಪ್ರಶ್ನೆಯೇ ಅವನಿಗೆ ಸರಿಯಾಗಿ ಅರ್ಥವಾಗಲಿಲ್ಲ. ಏನೋ ತಡವರಿಸಿದ. ಫಲಿತಾಂಶ ಏನೆಂದು ಹೇಳಬೇಕಾಗಿಲ್ಲ.

ಫಾದರ್ ಬಲ್ಲೆಯವರಿಗೆ ಒಂದು ವಿಷಯ ಸ್ಪಷ್ಟವಿತ್ತು. ಹುಡುಗನಿಗೆ ವಿಷಯ ಗೊತ್ತಿದೆ, ಕೇಳಿದ ರೀತಿ ಅವನನ್ನು ಕೆಡವಿದೆ. ಅವರು ಮೇಲಿನವರ ಬಳಿಗೆ ಹೋಗಿ ವಿನಂತಿಸಿಕೊಂಡರು. ಪರೀಕ್ಷಕರು ಎಕ್ಯುಲಿಯ ಗುರುಗಳ ಮನೆಗೇ ಬಂದು, ಅವನಿಗೆ ತಿಳಿಯುವ ಭಾಷೆಯಲ್ಲಿ ಪ್ರಶ್ನೆ ಕೇಳಿದರು. ಪರಿಚಿತ ಕೋಣೆ, ಪಕ್ಕದಲ್ಲಿ ಗುರು, ಮಾತೃಭಾಷೆ. ಜಾನ್ ನೇರವಾಗಿ, ಸರಿಯಾಗಿ ಉತ್ತರಿಸಿದ. ಆಗ ಧರ್ಮಪ್ರಾಂತ್ಯದ ಆಡಳಿತ ನೋಡುತ್ತಿದ್ದ ಶ್ರೇಷ್ಠಗುರು ಕೂರ್ಬೋನ್, ಈತ ಭಕ್ತನೇ, ಜಪಸರ ಮಾಡುತ್ತಾನೆಯೇ ಎಂದು ವಿಚಾರಿಸಿ, ಉಳಿದುದನ್ನು ದೇವರ ಕೃಪೆ ಪೂರೈಸುತ್ತದೆಂಬ ಭರವಸೆಯಿಂದ ಅಪ್ಪಣೆ ಕೊಟ್ಟರೆಂದು ಚರಿತ್ರೆ ಹೇಳುತ್ತದೆ.

1815ರ ಆಗಸ್ಟ್ 13ರಂದು ಗ್ರೆನೋಬಲ್ ನಗರದಲ್ಲಿ ಜಾನ್ ಮರಿಯ ವಿಯಾನ್ನಿ ಗುರುದೀಕ್ಷೆ ಪಡೆದರು. ವಯಸ್ಸು 29. ಅಲ್ಲಿಗೆ ಒಬ್ಬರೇ ನಡೆದುಕೊಂಡು ಹೋಗಿದ್ದರು. ಪಾಪನಿವೇದನೆ ಕೇಳುವ ಅಧಿಕಾರವನ್ನು ಮಾತ್ರ ತಕ್ಷಣ ಕೊಡಲಿಲ್ಲ. ಕೆಲವು ತಿಂಗಳ ಮೇಲೆ ಅದು ದೊರೆತಾಗ, ಅವರ ಮುಂದೆ ಮೊದಲು ಬಂದು ಮೊಣಕಾಲೂರಿ ತಮ್ಮ ಪಾಪಗಳನ್ನು ನಿವೇದಿಸಿದವರು ಯಾರು ಗೊತ್ತೇ? ವೃದ್ಧ ಫಾದರ್ ಬಲ್ಲೆ. ಶಿಷ್ಯನ ಮೇಲೆ ಗುರು ಇಟ್ಟ ನಂಬಿಕೆಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಯಾವುದಿದೆ?

ಹೆಗ್ಗರಣೆಯ ಸಮೀಪ ಉಂಚಳ್ಳಿಯಲ್ಲಿ ಧುಮುಕುವ ಅಘನಾಶಿನಿ ಹೊಳೆಯನ್ನು ನೀವು ನೋಡಿರಬಹುದು. ಅಷ್ಟು ಎತ್ತರದಿಂದ ಬಿದ್ದ ನೀರು ಬಿದ್ದಲ್ಲಿಯೇ ನಿಲ್ಲುವುದಿಲ್ಲ, ಬಂಡೆಗಳ ನಡುವೆ ದಾರಿ ಮಾಡಿಕೊಂಡು ಸಮುದ್ರದ ಕಡೆಗೇ ಹರಿಯುತ್ತದೆ. ವಿಯಾನ್ನಿಯವರ ಹತ್ತು ವರ್ಷಗಳ ಓದಿನ ಕಥೆಯೂ ಹಾಗೆಯೇ.

ಸಂಶಯ ಹೋಯಿತೇ?

ಇನ್ನು ಮುಂದೆ ವಿಯಾನ್ನಿಯವರು ಆತ್ಮವಿಶ್ವಾಸದಿಂದ ಬೀಗಿದರೆಂದು ನೀವು ಭಾವಿಸಿದರೆ ಅದು ತಪ್ಪು. 1817ರ ಕೊನೆಯಲ್ಲಿ ಫಾದರ್ ಬಲ್ಲೆ ನಿಧನರಾದರು. 1818ರ ಫೆಬ್ರವರಿಯಲ್ಲಿ ವಿಯಾನ್ನಿಯವರನ್ನು ಆರ್ಸ್ ಎಂಬ, ಸುಮಾರು 230 ಜನರಿದ್ದ ಕುಗ್ರಾಮಕ್ಕೆ ಕಳುಹಿಸಲಾಯಿತು. ಅಲ್ಲಿ ಭಾನುವಾರದ ಪ್ರಸಂಗವನ್ನು ಅವರು ರಾತ್ರಿಗಳೆಲ್ಲ ಕುಳಿತು ಬರೆದು ಬಾಯಿಪಾಠ ಮಾಡುತ್ತಿದ್ದರು. ಆದರೂ ಕೆಲವೊಮ್ಮೆ ಪೀಠದ ಮೇಲೆ ಮಾತು ಮರೆತು ಕೆಳಗಿಳಿಯುತ್ತಿದ್ದರು. ಮರುವಾರ ಮತ್ತೆ ಬರೆಯುತ್ತಿದ್ದರು. 1824ರಲ್ಲಿ ಬಡ ಹೆಣ್ಣುಮಕ್ಕಳಿಗಾಗಿ ಒಂದು ಉಚಿತ ಶಾಲೆಯನ್ನೂ ತೆರೆದರು.

ನಿಧಾನವಾಗಿ ದೂರದ ಊರುಗಳಿಂದ ಜನ ಬರತೊಡಗಿದರು. ಕೊನೆಯ ವರ್ಷಗಳಲ್ಲಿ ವರ್ಷಕ್ಕೆ ಹತ್ತಾರು ಸಾವಿರ ಮಂದಿ. ದಿನಕ್ಕೆ ಹದಿನಾರು ಗಂಟೆಗಳಷ್ಟು ಕಾಲ ಅವರು ಪಾಪನಿವೇದನೆಯ ಪೀಠದಲ್ಲಿ ಕುಳಿತಿರುತ್ತಿದ್ದರು. ಇದನ್ನು ಸಹಿಸದ ಕೆಲವು ಗುರುಗಳು, ಇಷ್ಟು ಕಡಿಮೆ ಓದಿದವರು ಜನರಿಗೆ ಹೇಗೆ ಮಾರ್ಗದರ್ಶನ ಮಾಡಿಯಾರೆಂದು ಧರ್ಮಾಧ್ಯಕ್ಷರಿಗೆ ದೂರು ಬರೆದು ಸಹಿ ಹಾಕಿದರು. ಆ ಪತ್ರ ವಿಯಾನ್ನಿಯವರ ಕೈಗೇ ಸಿಕ್ಕಿತು. ಅವರೂ ಅದಕ್ಕೆ ಸಹಿ ಹಾಕಿ ಕಳುಹಿಸಿಕೊಟ್ಟರು! ಧರ್ಮಾಧ್ಯಕ್ಷರು ಮಾತ್ರ ಅವರನ್ನು ಅಲ್ಲಿಂದ ತೆಗೆಯಲಿಲ್ಲ.

ತಾನು ಈ ಕೆಲಸಕ್ಕೆ ಯೋಗ್ಯನಲ್ಲವೆಂಬ ಭಾವನೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ. 1843ರಲ್ಲಿ, ಪುನಃ 1853ರಲ್ಲಿ, ಅವರು ಏಕಾಂತದಲ್ಲಿ ಪ್ರಾರ್ಥನೆ ಮಾಡುತ್ತಾ ಕಾಲ ಕಳೆಯಬೇಕೆಂದು ಊರು ಬಿಟ್ಟು ಹೊರಡಲು ನೋಡಿದರು. ಎರಡು ಸಲವೂ ಮರಳಿ ಬಂದು ಅದೇ ಪೀಠದಲ್ಲಿ ಕುಳಿತರು. 1859ರ ಆಗಸ್ಟ್ 4ರಂದು, ತಮ್ಮ 73ನೆಯ ವಯಸ್ಸಿನಲ್ಲಿ, ಆರ್ಸ್‌ನಲ್ಲಿಯೇ ಪ್ರಾಣಬಿಟ್ಟರು. 1925ರಲ್ಲಿ ಜಗದ್ಗುರು ಹನ್ನೊಂದನೆಯ ಪಿಯುಸ್ ಅವರನ್ನು ಸಂತರ ಸಾಲಿಗೆ ಸೇರಿಸಿದರು. 1929ರಲ್ಲಿ ಧರ್ಮಕೇಂದ್ರದ ಗುರುಗಳ ಪಾಲಕರೆಂದು ಘೋಷಿಸಿದರು.

ಇಲ್ಲಿಯೇ ನಮಗೆ ಬೇಕಾದ ಮುಖ್ಯ ಪಾಠವಿದೆ. ಸಂಶಯ ಪೂರ್ತಿ ಹೋದ ಮೇಲೆ ಓದಲು ಕುಳಿತುಕೊಳ್ಳುತ್ತೇನೆಂದು ಕಾಯುವವನು ಎಂದೂ ಕುಳಿತುಕೊಳ್ಳಲಾರ. ವಿಯಾನ್ನಿಯವರು ಸಂಶಯವನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಓದಿದರು, ಸಂಶಯವನ್ನು ಹೊತ್ತುಕೊಂಡೇ ಪರೀಕ್ಷೆಗೆ ಹೋದರು, ಸಂಶಯದೊಡನೆಯೇ 41 ವರ್ಷ ಒಂದು ಹಳ್ಳಿಗೆ ಸೇವೆ ಸಲ್ಲಿಸಿದರು. ತಾನು ಮಾತು ಬಾರದವನೆಂದು ಹಿಂಜರಿದ ಮೋಶೆಯನ್ನೂ ದೇವರು ಬಿಡಲಿಲ್ಲವಲ್ಲ! ಅವನ ತೊದಲನ್ನು ತೆಗೆದುಹಾಕುವ ಬದಲು ಜೊತೆಗೆ ಅಣ್ಣ ಆರೋನನನ್ನು ಕೊಟ್ಟರು. ವಿಯಾನ್ನಿಯವರಿಗೆ ಫಾದರ್ ಬಲ್ಲೆಯವರನ್ನು ಕೊಟ್ಟರು.

ನಿಮ್ಮ ಮನೆಯ ಆರೋನ ಯಾರು?

ತಂದೆತಾಯಂದಿರೇ, ನಿಮ್ಮ ಮಗುವಿಗೆ ಆ ಒಬ್ಬರು ನೀವಾಗುವಿರಾ? ಪಕ್ಕದ ಮನೆಯ ಹುಡುಗಿಯ ಅಂಕಗಳನ್ನು ಊಟದ ಹೊತ್ತಿಗೆ ಎತ್ತಬೇಡಿ. ಫಾದರ್ ಬಲ್ಲೆ ಮತಿಯಾಸನನ್ನು ತೋರಿಸಿ ಜಾನ್‌ನನ್ನು ಹಂಗಿಸಿದ್ದರೆ ಧರ್ಮಸಭೆ ಒಬ್ಬ ಸಂತನನ್ನು ಕಳೆದುಕೊಳ್ಳುತ್ತಿತ್ತು. ಮಗು ಎಲ್ಲಿ ಎಡವುತ್ತಿದೆ ಎಂದು ಹುಡುಕಿ. ವಿಷಯ ಗೊತ್ತಿಲ್ಲವೇ, ಗೊತ್ತಿದ್ದೂ ಹೆದರಿಕೆಯೇ, ಭಾಷೆಯ ತೊಡಕೇ? ಹೆದರಿಕೆಗೆ ಬೈಗುಳ ಮದ್ದಲ್ಲ. ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಮನೆಯಲ್ಲಿ ನಿಮ್ಮ ಪಕ್ಕದಲ್ಲೇ ಕೂರಿಸಿ ಬರೆಯಿಸಿ. ಅರ್ಥವಾಗದ ಪಾಠವನ್ನು ಅವನು ತನ್ನ ಮನೆಮಾತಿನಲ್ಲಿ ನಿಮಗೆ ವಿವರಿಸಲಿ, ಕೊಂಕಣಿಯಾಗಲಿ ಕನ್ನಡವಾಗಲಿ. ನಿಮಗೆ ಓದು ಬಾರದಿದ್ದರೂ ಕೇಳಿಸಿಕೊಳ್ಳಲು ಕಿವಿ ಸಾಕು.

ಮಕ್ಕಳೇ, ಒಂದು ಸಲ ಬಿದ್ದರೆ ದಾರಿ ಮುಚ್ಚುವುದಿಲ್ಲ. ನಮ್ಮ ಮೈಸೂರಿನಲ್ಲಿ ಬಾಳಿದ ಲೇಖಕ ಆರ್.ಕೆ. ನಾರಾಯಣ್ ಕೂಡ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿ ಒಂದು ವರ್ಷ ಮನೆಯಲ್ಲಿ ಕುಳಿತು ಓದಿ ಬರೆದವರು. 1926ರಲ್ಲಿ ಪಾಸಾಗಿ ಮಹಾರಾಜ ಕಾಲೇಜು ಸೇರಿದರು. ಇಂಗ್ಲಿಷಿನಲ್ಲಿ ಬರೆದು ಜಗತ್ತಿಗೇ ಪರಿಚಿತರಾದರು. ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ.ಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆ ಬಂದಿದೆ. ವಿಯಾನ್ನಿಯವರಿಗೆ ಎರಡನೆಯ ಅವಕಾಶವನ್ನು ಫಾದರ್ ಬಲ್ಲೆ ಬೇಡಿ ತರಬೇಕಾಯಿತು. ನಿಮಗೆ ಅದು ಸರಕಾರದ ನಿಯಮದಲ್ಲಿಯೇ ಇದೆ.

ಪ್ರತಿವರ್ಷ ಫಲಿತಾಂಶದ ದಿನಗಳಲ್ಲಿ ಮನಸ್ಸು ಕಲಕುವ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದುತ್ತೇವೆ. ಕೆಲವು ಅಂಕಗಳಿಗಾಗಿ ಒಂದು ಜೀವ ಹೋಗುವುದು ಬೇಡ. ಮಗು ಊಟ ಬಿಟ್ಟರೆ, ನಿದ್ದೆ ಕೆಟ್ಟರೆ, ಬದುಕೇ ಬೇಡವೆಂಬ ಮಾತು ಅದರ ಬಾಯಿಂದ ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಒಂಟಿಯಾಗಿ ಬಿಡಬೇಡಿ. ಧರ್ಮಕೇಂದ್ರದ ಗುರುಗಳಿಗೆ, ಭಗಿನಿಯರಿಗೆ, ಶಿಕ್ಷಕರಿಗೆ ತಿಳಿಸಿ, ವೈದ್ಯರಿಗೆ ತೋರಿಸಿ. 2022ರಲ್ಲಿ ಆರಂಭವಾದ ಸರಕಾರದ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲೂ ರಾತ್ರಿಯೂ ಉಚಿತವಾಗಿ ಕರೆಮಾಡಬಹುದು. ಸಹಾಯ ಕೇಳುವುದು ವಿಶ್ವಾಸದ ಕೊರತೆಯಲ್ಲ. ಗುರುಮಠದಿಂದ ಹೊರಬಿದ್ದ ದಿನ ಜಾನ್ ವಿಯಾನ್ನಿ ಕೂಡ ಒಬ್ಬ ಗೆಳೆಯನ ಬಾಗಿಲು ತಟ್ಟಿದ್ದರು.

ಈ ವಾರ ಸಂಜೆಯ ಜಪಸರದ ಕೊನೆಗೆ ನಿಮ್ಮ ಮನೆಯ ವಿದ್ಯಾರ್ಥಿಯ ಹೆಸರು ಹಿಡಿದು ಪ್ರಾರ್ಥಿಸಿ. ಮೊದಲ ದರ್ಜೆ ಕೊಡು ಎಂದು ಬೇಡುವ ಮುನ್ನ, ಮುಂದುವರಿಯಲು ಸಾಲುವಷ್ಟು ಧೈರ್ಯ ಕೊಡು ಎಂದು ಬೇಡಿ. ಪ್ರಾರ್ಥನೆ ಮುಗಿದ ಮೇಲೆ ಆ ಮಗುವಿನ ಪಕ್ಕದಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತುಕೊಳ್ಳಿ. ಸಂತ ಜಾನ್ ಮರಿಯ ವಿಯಾನ್ನಿಯವರೇ, ಪರೀಕ್ಷೆಗೆ ಓದುತ್ತಿರುವ ನಮ್ಮೆಲ್ಲ ಮಕ್ಕಳಿಗಾಗಿ ಪ್ರಾರ್ಥಿಸಿರಿ.